ಅರ್ಧ ಸಾಲು ಎತ್ತಿಕೊಟ್ಟ ಪೇಟಿ ಮಾಸ್ತರರು: ಮಾತು ಹೋದ ಪೈಲ್ವಾನರ ಒಂದು ಪ್ರಕರಣ

ಮೊದಲ ಭೇಟಿಯಲ್ಲಿ ನಾನು ತೋರಿಸಿದ್ದು ಒಂದು ಲೋಟ ನೀರಿನ ಚಿತ್ರ. "ಇದೇನು, ಹೇಳಿ" ಅಂದೆ. ಅವರು ಬಾಯಿ ತೆರೆದರು. ತುಟಿ ಏನನ್ನೋ ಹುಡುಕಾಡಿತು. ಕೊನೆಗೆ ಬಂದ ಮಾತು "ಐತಿ". ಎತ್ತಿನ ಚಿತ್ರ ತೋರಿಸಿದೆ. "ಐತಿ... ಐತಿ." ಮೂರನೆಯ ಚಿತ್ರಕ್ಕೆ ಕಣ್ಣಲ್ಲಿ ನೀರು ತುಂಬಿತು. ಎಡಗೈಯಿಂದ ಕಾರ್ಡುಗಳನ್ನೆಲ್ಲ ಹೊರಸಿನ ಕೆಳಗೆ ತಳ್ಳಿಬಿಟ್ಟರು.

ನಾನು ಹುಬ್ಬಳ್ಳಿಯಲ್ಲಿ ಮಾತಿನ ಚಿಕಿತ್ಸೆ ಮಾಡುವವಳು. ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಮನೆಯಲ್ಲಿ ಏಳು ತಿಂಗಳು ನಡೆದ ಕೆಲಸವನ್ನು ಇಲ್ಲಿ ಬರೆದಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಬಿಟ್ಟಿದ್ದೇನೆ. ಊರಲ್ಲಿ ಎಲ್ಲರೂ ಅವರನ್ನು ಪೈಲ್ವಾನರು ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಈ ಪ್ರಕರಣದಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡಿದವರು ನಾನಲ್ಲ. ನಾಟಕ ಕಂಪನಿಯಿಂದ ನಿವೃತ್ತರಾದ ಒಬ್ಬ ಪೇಟಿ (ಹಾರ್ಮೋನಿಯಂ) ಮಾಸ್ತರರು, ಗರಡಿ ಮನೆಯಲ್ಲಿ ಕುಸ್ತಿ ಕಲಿಸುವ ಒಬ್ಬ ವಸ್ತಾದರು. ಅವರು ಏನು ಮಾಡಿದರು, ಹೇಗೆ ಮಾಡಿದರು ಅನ್ನುವುದು ನನ್ನಂಥ ಕೆಲಸದವರಿಗೂ, ಮನೆಯಲ್ಲಿ ಇಂಥ ರೋಗಿ ಇರುವವರಿಗೂ ಗೊತ್ತಾಗಬೇಕು.

ಲಕ್ವಾ ಹೊಡೆದ ದಿನ

ಪೈಲ್ವಾನರಿಗೆ ಆಗ 63 ವರ್ಷ. ಹರೆಯದಲ್ಲಿ ಜಾತ್ರೆ ಕುಸ್ತಿಗಳಲ್ಲಿ ಹೆಸರು ಮಾಡಿದವರು. ಗೆದ್ದ ಎರಡು ಬೆಳ್ಳಿ ಕಡಾ ಇನ್ನೂ ದೇವರ ಜಗಲಿಯ ಪಕ್ಕದಲ್ಲಿವೆ. ಕುಸ್ತಿ ಬಿಟ್ಟ ಮೇಲೆ ಎರೆ ಹೊಲ, ದನ, ಸೋಮವಾರದ ಭಜನೆ, ಇಷ್ಟೇ ಅವರ ಬದುಕು. ಭಜನಾ ಮೇಳದಲ್ಲಿ ತಾಳ ಹಿಡಿಯುತ್ತಿದ್ದರು.

ಕಡಲೆ ಕೀಳುವ ದಿನಗಳಲ್ಲಿ ಒಂದು ಬೆಳಗ್ಗೆ ಕೈಯಲ್ಲಿದ್ದ ಚಹಾ ಕಪ್ಪು ಜಾರಿ ಬಿತ್ತು. ಬಾಯಿ ಒಂದು ಕಡೆ ವಾರೆಯಾಯಿತು. ಲಕ್ವಾ ಅಂತ ಮನೆಯವರಿಗೆ ಗೊತ್ತಾಯಿತು. ಆದರೆ ಅವರು ಮೊದಲು ಕರೆದುಕೊಂಡು ಹೋದದ್ದು ಲಕ್ವಾಕ್ಕೆ ಔಷಧಿ ಕೊಡುತ್ತಾರೆ ಅಂತ ಕೇಳಿದ್ದ ಒಂದು ಊರಿಗೆ. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟಿದಾಗ ಮರುದಿನ ಮಧ್ಯಾಹ್ನ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ಎಂದೋ ದಾಟಿತ್ತು. ಅವರನ್ನು ಬಯ್ಯಲು ಇದನ್ನು ಹೇಳುತ್ತಿಲ್ಲ. ಅವರಿಗೆ ಯಾರೂ ಹೇಳಿರಲೇ ಇಲ್ಲ. ಬಾಯಿ ವಾರೆಯಾದರೆ, ಎತ್ತಿದ ಕೈ ತಾನಾಗಿ ಇಳಿದುಬಿಟ್ಟರೆ, ಮಾತು ತೊದಲಿದರೆ, ತಕ್ಷಣ 108ಕ್ಕೆ ಫೋನು ಮಾಡಿ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. ಇದೊಂದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಪೆಟ್ಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ಹಾಗಾಗಿ ದೇಹದ ಬಲಭಾಗ ಸೋತಿತ್ತು. ಹೆಚ್ಚಿನವರಲ್ಲಿ ಮಾತಿನ ಕೆಲಸವೂ ಎಡಭಾಗದ್ದೇ, ಅದೂ ಹೋಗಿತ್ತು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯ ಬಗ್ಗೆ ತಿಳಿಸಿದರು. ಏನು ಕೇಳಿದರೂ ಆತ ಹೇಳುತ್ತಿದ್ದದ್ದು 'ತಾನ್' ಅಂತ. ಸತ್ತ ಮೇಲೆ ನೋಡಿದರೆ ಮೆದುಳಿನ ಎಡ ಮುಂಭಾಗ ಹಾಳಾಗಿತ್ತು. ಅವನಿಗೆ 'ತಾನ್', ನಮ್ಮ ಪೈಲ್ವಾನರಿಗೆ 'ಐತಿ'. ಇಂಥವರ ಬುದ್ಧಿ ಎಲ್ಲೂ ಹೋಗಿರುವುದಿಲ್ಲ. ನಾವು ಆಡಿದ್ದು ಬಹುಪಾಲು ತಿಳಿಯುತ್ತದೆ. ಹೇಳಬೇಕಾದ್ದು ಒಳಗೆ ಇರುತ್ತದೆ, ಬಾಯಿಗೆ ಬರುವುದಿಲ್ಲ. ನೋಡಲು ಬಂದವರು ಕಿವುಡರ ಜೊತೆ ಮಾತಾಡಿದ ಹಾಗೆ ಜೋರಾಗಿ ಕೂಗುತ್ತಿದ್ದರು. ಕೆಲವರು ಅವರ ಎದುರೇ "ಪಾಪ, ಏನೂ ತಿಳಿಯಂಗಿಲ್ಲ" ಅನ್ನುತ್ತಿದ್ದರು. ಅದು ಅವರಿಗೆ ತಿಳಿಯುತ್ತಿತ್ತು.

ನಾನು ಆ ಮನೆಗೆ ಹೋದದ್ದು ಐದನೇ ತಿಂಗಳಲ್ಲಿ. ಇದನ್ನು ಗಮನಿಸಬೇಕು. ಲಕ್ವಾ ಆದ ಮೊದಲ ಕೆಲವು ತಿಂಗಳು ಮೆದುಳು ತಾನಾಗಿಯೇ ಒಂದಷ್ಟು ಚೇತರಿಸಿಕೊಳ್ಳುತ್ತದೆ. ಆಮೇಲೆ ಆ ವೇಗ ಇಳಿಯುತ್ತದೆ. ಐದನೇ ತಿಂಗಳಲ್ಲೂ ಅವರ ಬಾಯಲ್ಲಿದ್ದದ್ದು ಅದೊಂದೇ ಮಾತು.

ಸೋಮವಾರ ಸಂಜೆ

ವಾರಕ್ಕೆ ಒಂದು ಸಲ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅದಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ. ಮಾತಿನ ಅಭ್ಯಾಸ ದಿನಾ ನಡೆಯಬೇಕು, ವಾರಕ್ಕೊಮ್ಮೆ ಸಾಲದು. ಅದು ನನಗೆ ಗೊತ್ತಿತ್ತು, ಆದರೆ ದಾರಿ ಕಾಣುತ್ತಿರಲಿಲ್ಲ.

ಮೂರನೇ ವಾರ ಬಾಗಿಲಲ್ಲಿ ಒಬ್ಬ ಹಿರಿಯರು ನಿಂತಿದ್ದರು. ಧೋತರ, ಹೆಗಲ ಮೇಲೆ ಟವಲು. "ಅಕ್ಕಾರ, ನಾ ಸಂಜೀಕ ಬಂದು ಇವರ ಮುಂದ ಒಂದೀಟ ಹಾಡ್ಲ್ಯಾ?" ಎಂದು ಕೇಳಿದರು. "ಈಗ ಬೇಡ, ಅವರಿಗೆ ಗೊಂದಲ ಆಗುತ್ತದೆ" ಅಂದುಬಿಟ್ಟೆ. ಅದು ನನ್ನ ತಪ್ಪು. ಅವರು ಯಾರು, ಏನು ಬಲ್ಲವರು ಅಂತಲೂ ಕೇಳಲಿಲ್ಲ.

ಪೈಲ್ವಾನರ ಹೆಂಡತಿ ನನ್ನ ಮಾತು ಕೇಳಲಿಲ್ಲ. ಒಳ್ಳೆಯದೇ ಆಯಿತು. ಮುಂದಿನ ಸೋಮವಾರ ಭಜನೆಯನ್ನು ತಮ್ಮ ಪಡಸಾಲೆಯಲ್ಲೇ ಮಾಡಿಸಿದರು. ಪೇಟಿಯ ಮುಂದೆ ಕೂತವರು ಅದೇ ಹಿರಿಯರು. ಎರಡು ಪದ ಮುಗಿದವು. ಮೂರನೆಯ ಪದ ಶುರುವಾದಾಗ ಪೈಲ್ವಾನರು ಹಾಡತೊಡಗಿದರು. ಬರೀ ರಾಗ ಅಲ್ಲ, ಶಬ್ದ ಸಮೇತ. ಅಲ್ಲಲ್ಲಿ ತೊದಲು, ಆದರೆ ಸಾಲಿಗೆ ಸಾಲು. ಮನೆಯವರೆಲ್ಲ ಅತ್ತರು. ಮರುದಿನ ಬೆಳಗ್ಗೆ ಮಗ ನನಗೆ ಫೋನು ಮಾಡಿದ. "ಅಕ್ಕಾರ, ಅಪ್ಪಗ ಮಾತ ಬಂತ್ರಿ!"

ಮಾತು ಬಂದಿರಲಿಲ್ಲ. ಹಾಡು ಮುಗಿದ ಮೇಲೆ "ಅಪ್ಪಾ, ಏನ ಬೇಕು?" ಅಂತ ಕೇಳಿದರೆ ಮತ್ತೆ "ಐತಿ". ಇದು ಹೊಸ ಸಂಗತಿಯೂ ಅಲ್ಲ. ಸ್ವೀಡನ್ನಿನ ಓಲೋಫ್ ಡಾಲಿನ್ 1745ರಲ್ಲೇ ಇಂಥ ಒಬ್ಬನ ಬಗ್ಗೆ ಬರೆದಿದ್ದಾರೆ. ಬಲಭಾಗ ಬಿದ್ದುಹೋಗಿದೆ, ಮಾತಿಲ್ಲ, ಆದರೆ ಕಲಿತ ಪ್ರಾರ್ಥನಾ ಗೀತೆಗಳನ್ನು ಹಾಡುತ್ತಾನೆ. ಎಂದೋ ಬಾಯಿಪಾಠವಾದ ಹಾಡು, ಎಣಿಕೆ, ವಾರದ ಹೆಸರು, ದೇವರ ನಾಮ, ಬೈಗುಳ ಇವು ಎಷ್ಟೋ ಸಲ ಉಳಿದಿರುತ್ತವೆ. ಅವು ಒಂದನ್ನೊಂದು ಎಳೆದುಕೊಂಡು ಬರುತ್ತವೆ. "ನೀರು ಕೊಡು" ಅನ್ನುವುದನ್ನು ಮಾತ್ರ ಆ ಹೊತ್ತಿಗೆ ಹೊಸದಾಗಿ ಕಟ್ಟಬೇಕು. ಸುಮ್ನೆ ಭಜನೆ ಹಾಡಿಸುತ್ತ ಹೋದರೆ ಭಜನೆ ಚೆನ್ನಾಗಿ ಬರುತ್ತದೆ, ಮಾತು ಬರುವುದಿಲ್ಲ. ಇದನ್ನು ಮನೆಯವರಿಗೆ ಹೇಳುವುದು ಕಷ್ಟವಾಯಿತು. ಮಗನ ಮುಖ ಬಾಡಿದ್ದು ಇನ್ನೂ ಕಣ್ಣ ಮುಂದಿದೆ.

ಆದರೆ ಆ ಸಂಜೆ ಒಂದು ಬಾಗಿಲು ತೋರಿಸಿತ್ತು. ಅಲ್ಲಿಂದ ಮಾತಿಗೆ ಹೋಗಲು ಒಂದು ದಾರಿ ಇದೆ ಅಂತ ನಾನು ಓದಿದ್ದೆ. ಬಾಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು 1973ರಲ್ಲಿ ಹೇಳಿದ ವಿಧಾನ. ದಿನಾ ಬೇಕಾಗುವ ಚಿಕ್ಕ ಮಾತನ್ನು ಆರಿಸಿಕೊಂಡು ಎರಡೇ ಸ್ವರದಲ್ಲಿ ನಿಧಾನಕ್ಕೆ ಹಾಡಿದ ಹಾಗೆ ಹೇಳಬೇಕು. ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈಯಿಂದ ಒಂದು ತಟ್ಟು. ಮೊದಲು ಇಬ್ಬರೂ ಕೂಡಿ. ಆಮೇಲೆ ನಾವು ನಡುವೆಯೇ ದನಿ ಇಳಿಸಿ ಅವರನ್ನು ಮುಂದೆ ಬಿಡಬೇಕು. ಆಮೇಲೆ ಅವರೊಬ್ಬರೇ. ಕೊನೆಗೆ ನಾವು ಪ್ರಶ್ನೆ ಕೇಳಬೇಕು, ಅವರು ಅದೇ ಮಾತನ್ನು ಉತ್ತರವಾಗಿ ಹೇಳಬೇಕು. ರಾಗ ಬರಬರುತ್ತ ಕರಗಬೇಕು. ಮಾತು ತಿಳಿಯುವ, ಆದರೆ ಆಡಲಾಗದ ರೋಗಿಗೆ ಇದು ಒಪ್ಪುತ್ತದೆ. ಪೈಲ್ವಾನರು ಅಂಥವರೇ.

ಇಷ್ಟೆಲ್ಲ ದಿನಾ ಮಾಡುವವರು ಯಾರು? ನಾನು ಮಾಸ್ತರರ ಮನೆಗೆ ಹೋಗಿ ಕ್ಷಮೆ ಕೇಳಿದೆ.

ಪೇಟಿ ಮಾಸ್ತರರು ಬಲ್ಲ ವಿದ್ಯೆ

ಅವರು ಹುಡುಗರಿದ್ದಾಗ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಅವರು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ ಆಶ್ರಮ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಕಲಿತು ಹೊಟ್ಟೆ ಹೊರೆದುಕೊಂಡಿದ್ದಾರೆ. ಪುಟ್ಟರಾಜ ಗವಾಯಿಗಳು ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಬರೆದು, ಕಂಪನಿ ಕಟ್ಟಿ ಊರೂರು ತಿರುಗಿಸಿದವರು. ಹಾಡು ಇನ್ನೊಬ್ಬರ ಅಗಳಾಗಬಹುದು ಅನ್ನುವುದು ಮಾಸ್ತರರಿಗೆ ಹೊಸ ವಿಚಾರ ಆಗಿರಲಿಲ್ಲ. "ಅಜ್ಜಾರು ಇದನ್ನ ಕಲಿಸಿದ್ದಲ್ರಿ?" ಅಂತ ಪುಟ್ಟರಾಜ ಗವಾಯಿಗಳನ್ನು ನೆನೆದು ಸಹಜವಾಗಿ ಕೇಳಿದರು. ಆಶ್ರಮ ಬಿಟ್ಟ ಮೇಲೆ ಅವರು ಸುಮಾರು ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ಪೇಟಿ ನುಡಿಸಿದರು. ಕಂಪನಿಗಳು ಕಡಿಮೆಯಾದವು, ಅವರು ಊರಿಗೆ ಬಂದರು.

ನಾನು ಎರಡು ಮಧ್ಯಾಹ್ನ ಕೂತು ವಿಧಾನ ವಿವರಿಸಿದೆ. ನಡುವೆ ದನಿ ಇಳಿಸುವ ಹಂತಕ್ಕೆ ಬಂದಾಗ ಅವರು ನನ್ನನ್ನು ನಿಲ್ಲಿಸಿದರು. "ಇದು ನಮಗ ಗೊತ್ತಿದ್ದದ್ದ ಐತ್ರಿ" ಅಂದರು. ರಂಗದ ಮೇಲೆ ನಟನಿಗೆ ಪದ ಮರೆತರೆ ಪೇಟಿ ಮಾಸ್ತರ ಹಿಂದಿನ ತುಣುಕನ್ನು ಮತ್ತೆ ನುಡಿಸುತ್ತಾನೆ. ಮುಂದಿನ ಸಾಲಿನ ಮೊದಲ ಅಕ್ಷರವನ್ನು ಪ್ರೇಕ್ಷಕರಿಗೆ ಕೇಳಿಸದ ಹಾಗೆ ಎತ್ತಿಕೊಡುತ್ತಾನೆ. ಆಮೇಲೆ ಸುಮ್ಮನಿರುತ್ತಾನೆ. "ಪೂರಾ ಹೇಳಿಕೊಟ್ಟರ ನಟ ಅಲ್ಲೇ ಕುಂದರತಾನ್ರಿ. ಅರ್ಧ ಕೊಟ್ಟು ಸುಮ್ಕ ಇರಬೇಕು. ಉಳಿದರ್ಧ ಅವನ ಹೊಟ್ಟ್ಯಾಗ ಇರತೈತಿ."

ಆ ಸುಮ್ಮನಿರುವ ಹೊತ್ತೇ ಇಲ್ಲಿ ದೊಡ್ಡ ವಿದ್ಯೆ. ಒಂದು ದಿನ ಮೊಬೈಲಿನಲ್ಲಿ ಅಳೆದು ನೋಡಿದೆ. ನಾನು ಮೂರು ನಾಲ್ಕು ಸೆಕೆಂಡು ಕಾದು, ಉತ್ತರ ಬರದಿದ್ದರೆ ಮತ್ತೆ ಹೇಳಿಕೊಡುತ್ತಿದ್ದೆ. ಮಾಸ್ತರರು ಹತ್ತು ಹನ್ನೆರಡು ಸೆಕೆಂಡು ಕಾಯುತ್ತಿದ್ದರು. ಮುಖದಲ್ಲಿ ಅವಸರ ಇಲ್ಲ, ಕನಿಕರವೂ ಇಲ್ಲ. ತಮ್ಮ ಸರದಿ ಮುಗಿಸಿ ಅವರ ಸರದಿಗೆ ಕಾಯುವ ಮುಖ. ಪೈಲ್ವಾನರು ಉಸಿರು ಎಳೆದುಕೊಂಡರೆ ಅದು ಇವರಿಗೆ ಕೇಳಿಸುತ್ತಿತ್ತು. ಅಷ್ಟು ವರ್ಷ ಹಾಡುವವರ ಉಸಿರು ನೋಡಿಕೊಂಡೇ ಪೇಟಿ ನುಡಿಸಿದವರಲ್ವಾ? ಉಸಿರು ಬಂದರೆ ಕಾಯುತ್ತಿದ್ದರು, ಬರದಿದ್ದರೆ ಮಾತ್ರ ಮೊದಲ ಅಕ್ಷರ ಕೊಡುತ್ತಿದ್ದರು. ಇದನ್ನು ನನಗೆ ಯಾವ ತರಗತಿಯಲ್ಲೂ ಇಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಎರಡನೆಯ ಪಾಠವೂ ಅವರಿಂದಲೇ. ನಾನು ಅಭ್ಯಾಸಕ್ಕೆ ಬರೆದುಕೊಂಡು ಹೋದ ಮೊದಲ ಮಾತು "ನೀರು ಬೇಕು". ಮಾಸ್ತರರು ಅದನ್ನು ಎರಡು ಸ್ವರಕ್ಕೆ ಹಾಕಿ ನೋಡಿದರು, ತಲೆ ಅಲ್ಲಾಡಿಸಿದರು. "ಅಕ್ಕಾರ, ಈ ಮಾತು ಇವರ ಬಾಯಾಗಿಂದಲ್ಲ." ಪೈಲ್ವಾನರ ಹೆಂಡತಿ ಒಳಗಿನಿಂದಲೇ ಹೇಳಿದರು: "ಇವರು ಯಾವತ್ತೂ ಹಂಗ ಅಂದವರಲ್ರಿ. 'ನೀರ ತಾ' ಅಂತಾರ." ನನ್ನ ಕಾರ್ಡುಗಳೆಲ್ಲ ಪುಸ್ತಕದ ಕನ್ನಡದಲ್ಲಿದ್ದವು. ಮೂರು ವಾರ ನಾನು ಆ ಮನುಷ್ಯನಿಗೆ ಅವರದಲ್ಲದ ಮಾತನ್ನು ಹೇಳಿ ಅಂತ ಒತ್ತಾಯ ಮಾಡಿದ್ದೆ. ಹೋಗದ ದಾರಿಯನ್ನು ಹೊಸದಾಗಿ ಕಡಿಯುವುದಕ್ಕೂ, ಅರವತ್ತು ವರ್ಷ ನಡೆದು ಸವೆದ ದಾರಿಯನ್ನು ಹುಡುಕಿ ತೆಗೆಯುವುದಕ್ಕೂ ವ್ಯತ್ಯಾಸ ಇದೆ.

ಕಾರ್ಡು ಬದಿಗಿಟ್ಟೆವು. ಹೆಂಡತಿ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ನೀರ ತಾ. ಚಾ ತಾ. ಸಾಕು. ಬ್ಯಾಡ. ಹೊರಗ ಹೋಗೂಣು. ಎತ್ತು ಕಟ್ಟಿದ್ರ್ಯಾ? ಹೀಗೆ ಹನ್ನೊಂದು ಆದವು. ಇನ್ನೊಂದು ಇದ್ದರೆ ಹೇಳಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ಸಣ್ಣದು ಮಾಡಿ "ಎಲ್ಲಿದ್ದಿ?" ಅಂತ ಬರೀರಿ ಅಂದರು. ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. ಹೊಲದಿಂದ ಬಂದು ಅಂಗಳದಲ್ಲಿ ನಿಂತು "ಎಲ್ಲಿದ್ದಿ?" ಅನ್ನುತ್ತಿದ್ದರಂತೆ. ನಲವತ್ತು ವರ್ಷ ಅದೇ ಅವರ ಹೆಸರು.

ನಮ್ಮ ಮಾತು ಈ ವಿಧಾನಕ್ಕೆ ಚೆನ್ನಾಗಿ ಒಗ್ಗುತ್ತದೆ. ಕನ್ನಡದ ಪದಗಳು ಹೆಚ್ಚಾಗಿ ಅ, ಇ, ಉ ಥರದ ಸ್ವರಾಕ್ಷರದಲ್ಲಿ ಮುಗಿಯುತ್ತವೆ, ಎಷ್ಟು ಬೇಕೋ ಅಷ್ಟು ಎಳೆಯಬಹುದು. ನೀ... ರ... ತಾ. ಮೂರು ತಟ್ಟು, ಎರಡು ಸ್ವರ. ಮಾಸ್ತರರು ಪೈಲ್ವಾನರು ಭಜನೆಯಲ್ಲಿ ಹಾಡುವ ಶ್ರುತಿ ಬಿಟ್ಟು, ಅವರು ಮಾತಾಡುತ್ತಿದ್ದ ದನಿಯ ಎತ್ತರವನ್ನೇ ಹಿಡಿದರು. ಹಾಗೆ ಮಾಡಿದರೆ ಆಮೇಲೆ ರಾಗ ಬಿಡಿಸುವುದು ಸುಲಭ. ಅದು ಅವರಿಗೇ ಹೊಳೆದದ್ದು.

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮುಕ್ಕಾಲು ಗಂಟೆ. ಎರಡನೇ ವಾರ ಹೋದಾಗ ಪೇಟಿ ಕಾಣಲಿಲ್ಲ. ಕೇಳಿದರೆ, "ಪೇಟಿ ನುಡಿಯೋತನಕ ಇವರು ದಾರಿ ನೋಡತಾರ್ರಿ. ಪೇಟಿ ಇಲ್ಲದಾಗ ಬಾಯಿ ತೆಗೀವಲ್ರು. ಅದಕ್ಕ ಮನ್ಯಾಗ ಇಟ್ಟ ಬಂದೆ" ಅಂದರು. ಜೀವಮಾನವೆಲ್ಲ ಪೇಟಿ ನಂಬಿದ ಕಲಾವಿದ ರೋಗಿಗಾಗಿ ಪೇಟಿಯನ್ನೇ ಬಿಟ್ಟು ಬಂದರು. ಕಲೆಯನ್ನು ಬೇರೆ ಕೆಲಸಕ್ಕೆ ಹಚ್ಚುವುದು ಅಂದರೆ ನನಗೆ ಈಗ ನೆನಪಾಗುವುದು ಇದೇ.

ಮೂರನೇ ವಾರದ ಕೊನೆಗೆ ಮಾಸ್ತರರು ಮಾತಿನ ದನಿಯಲ್ಲೇ ಕೇಳಿದರು: "ಏನ ಬೇಕು?" ಪೈಲ್ವಾನರ ಎಡಗೈ ಹೊರಸಿನ ಕಟ್ಟಿಗೆಯನ್ನು ಮೂರು ಸಲ ತಟ್ಟಿತು. "ನೀರ ತಾ." ರಾಗ ಇರಲಿಲ್ಲ.

ವಸ್ತಾದರು ಎಣಿಸಿದ್ದು

ಎರಡನೇ ತಿಂಗಳಲ್ಲಿ ಪೈಲ್ವಾನರ ಹಳೆಯ ಜೊತೆಗಾರ, ಗರಡಿಯ ವಸ್ತಾದರು ಬರತೊಡಗಿದರು. ಮೊದಲ ದಿನ ಪ್ರೀತಿಯಿಂದಲೇ ಬಲಗೈ ಹಿಡಿದು ಎಳೆದು ಎಬ್ಬಿಸಿದರು, ಎಣ್ಣೆ ಹಚ್ಚಿ ತೋಳನ್ನು ಬಿರುಸಾಗಿ ತಿಕ್ಕಿದರು. ಮರುದಿನ ಭುಜ ನೋಯತೊಡಗಿತು. ಸೋತ ತೋಳಿನಲ್ಲಿ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ, ಆ ಕೈ ಹಿಡಿದು ಎಳೆಯಲೇಬಾರದು. ಕುಸ್ತಿಯ ಮಾಲೀಸು ಗಟ್ಟಿ ಮೈಗೆ ಸರಿ, ಈ ತೋಳಿಗಲ್ಲ. ಫಿಸಿಯೋಥೆರಪಿಯವರು ಬಂದು ತೋರಿಸಿಕೊಟ್ಟರು. ನೋವು ಇಳಿಯಲು ಮೂರು ವಾರ ಹಿಡಿಯಿತು. ನಾನು ಮೊದಲೇ ಹೇಳಬೇಕಿತ್ತು.

ಒಮ್ಮೆ ಹೇಳಿದ ಮೇಲೆ ವಸ್ತಾದರಷ್ಟು ಚೆನ್ನಾಗಿ ಮಾಡಿದವರು ಇಲ್ಲ. ಸೊಂಟಕ್ಕೆ ಕೈ ಹಾಕಿ ಇನ್ನೊಬ್ಬರ ಭಾರವನ್ನು ತಮ್ಮ ಕಾಲಿಗೆ ತೆಗೆದುಕೊಳ್ಳುವುದು ಕುಸ್ತಿಯವರಿಗೆ ಹೇಳಿಕೊಡಬೇಕೇ? ಮಗ ಮತ್ತು ಸೊಸೆ ಇಬ್ಬರು ಸೇರಿ ಎಬ್ಬಿಸುತ್ತಿದ್ದವರನ್ನು ಇವರೊಬ್ಬರೇ ಹಗುರಾಗಿ ನಿಲ್ಲಿಸುತ್ತಿದ್ದರು. ಬೀಳುವ ಭಯ ಹೋಯಿತು. ನಿಂತು ಕೂರುವ ವ್ಯಾಯಾಮವನ್ನು ಬೈಠಕ್ ಅಂತ ಕರೆದು ಎಣಿಕೆ ಶುರು ಮಾಡಿದರು. ಒಂದು, ಎರಡು, ಮೂರು... ನಾಲ್ಕಕ್ಕೆ ವಸ್ತಾದರು ನಿಲ್ಲಿಸಿದರೆ "ಐದು" ಅಂತ ಪೈಲ್ವಾನರ ಬಾಯಿಂದ ಬಂತು. ಎಣಿಕೆಯೂ ಹಾಡಿನ ಹಾಗೆ ಉಳಿದುಕೊಂಡಿತ್ತು. ಮಾಸ್ತರರು ಅದನ್ನು ಕೇಳಿ ಮರುದಿನವೇ "ಎಷ್ಟು?" ಅನ್ನುವ ಪ್ರಶ್ನೆ ಸೇರಿಸಿದರು. 'ಎರಡು ರೊಟ್ಟಿ' ಹೀಗೆ ಬಂದದ್ದು.

ನಡುವೆ ಒಂದು ಕೆಟ್ಟ ತಿಂಗಳೂ ಇತ್ತು. ಊಟ ಬಿಟ್ಟರು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಲಕ್ವಾ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧಿ ಇದೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿದೆವು. ಆ ದಿನಗಳಲ್ಲಿ ಮಾಸ್ತರರು ಅಭ್ಯಾಸ ನಿಲ್ಲಿಸಿ ಸುಮ್ನೆ ಬಂದು ಕೂರುತ್ತಿದ್ದರು. ಒಂದು ಸಂಜೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಕಥೆ ಹೇಳಿದರು. ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಸಣ್ಣ ದನಿ ಹೋಗಿ ಗಡಸು ದನಿ ಬಂತು. ಆ ಬಂದ ದನಿಯಲ್ಲೇ ಹಾಡಿ ಗಂಗೂಬಾಯಿ ಆದರು. ಪೈಲ್ವಾನರು ತಿರುಗಿ ನೋಡಿದರಂತೆ.

ಏಳು ತಿಂಗಳ ಮೇಲೆ

ಈಗ ಪೈಲ್ವಾನರ ಹತ್ತಿರ ನಲವತ್ತರ ಆಸುಪಾಸು ಮಾತುಗಳಿವೆ. ಹೆಚ್ಚಿನವು ಎರಡು ಮೂರು ಪದದವು. ಹದಿನೈದನ್ನು ತಾವಾಗಿಯೇ, ಬೇಕಾದಾಗ ಬಳಸುತ್ತಾರೆ. ಉಳಿದವಕ್ಕೆ ಮೊದಲ ಅಕ್ಷರ ಕೊಡಬೇಕು. ಕಲಿತ ಮಾತುಗಳನ್ನು ಒಡೆದು ಹೊಸ ವಾಕ್ಯ ಕಟ್ಟುವುದು ಬಂದಿಲ್ಲ. ಫೋನಿನಲ್ಲಿ ಮಾತಾಡಲು ಆಗುವುದಿಲ್ಲ. ದಣಿದಾಗ 'ಐತಿ' ಮರಳಿ ಬರುತ್ತದೆ. ಈ ವಿಧಾನದ ಮಿತಿ ಇದು, ಬೇರೆ ಕಡೆಗಳಲ್ಲೂ ಇದೇ ಕಂಡಿದೆ: ಅಭ್ಯಾಸ ಮಾಡಿದ ಮಾತು ಬರುತ್ತದೆ, ಮಾಡದ ಮಾತಿಗೆ ಅದು ಅಷ್ಟು ಸುಲಭವಾಗಿ ಹರಡುವುದಿಲ್ಲ.

ಕೆಲಸ ಮಾಡಿದ್ದು ರಾಗವೋ, ತಾಳವೋ? ಜರ್ಮನಿಯಲ್ಲಿ 17 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ, ರಾಗಕ್ಕಿಂತ ಲಯ ಮತ್ತು ದಿನಬಳಕೆಯ ಮಾತುಗಳೇ ಮುಖ್ಯ ಅಂದಿತು. ಪೈಲ್ವಾನರ ಮನೆಯಲ್ಲಿ ಕಂಡದ್ದೂ ಹೆಚ್ಚುಕಡಿಮೆ ಅದೇ. ಪೇಟಿ ಹೋದರೂ ನಡೆಯಿತು, ತಟ್ಟು ನಿಂತರೆ ನಡೆಯಲಿಲ್ಲ. "ನೀರು ಬೇಕು" ಬರಲಿಲ್ಲ, "ನೀರ ತಾ" ಬಂತು. ಒಂದೇ ಪ್ರಕರಣದಿಂದ ಇದಕ್ಕಿಂತ ಜಾಸ್ತಿ ಹೇಳಬಾರದು. ಮಾಸ್ತರರು ಕಾಯುತ್ತಿದ್ದ ಆ ಹತ್ತು ಸೆಕೆಂಡು ಮಾತ್ರ ನಾನು ಈಗ ಎಲ್ಲ ರೋಗಿಗಳಿಗೂ ಕೊಡುತ್ತಿದ್ದೇನೆ.

ಹಣದ ಮಾತನ್ನೂ ಹೇಳಬೇಕು. ಮಾಸ್ತರರು ಏನೂ ಬೇಡ ಅಂದರು. ಏಳು ತಿಂಗಳು ದಿನಾ ಸಂಜೆ ಬಂದವರ ಶ್ರಮವನ್ನು ಸೇವೆ ಅಂತ ಕರೆದು ಕೈ ಮುಗಿದು ಕಳಿಸುವುದು ನನಗೆ ಸರಿ ಕಾಣಲಿಲ್ಲ. ನನ್ನ ಭೇಟಿಗೆ ದುಡ್ಡು ಇದೆ, ಅವರ ಭೇಟಿಗೆ ಯಾಕಿಲ್ಲ? ಮಗನ ಜೊತೆ ಮಾತಾಡಿದೆ. ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿದರು, ಜೊತೆಗೆ ದಿನಾ ಒಂದು ಲೀಟರ್ ಹಾಲು. ನಮ್ಮ ಕಡೆ ಊರಿಗೊಬ್ಬರಾದರೂ ಭಜನೆಯವರೋ ಬಯಲಾಟದ ಮಾಸ್ತರರೋ ಇದ್ದಾರೆ. ಮಾತಿನ ಚಿಕಿತ್ಸೆಯವರು ತಾಲ್ಲೂಕಿಗೆ ಒಬ್ಬರೂ ಸಿಗುವುದು ಕಷ್ಟ. ಒಂದೆರಡು ದಿನ ಕೂತು ಕಲಿಸಿ, ವಾರಕ್ಕೊಮ್ಮೆ ಹೋಗಿ ನೋಡಿ, ಅವರ ಹೊತ್ತಿಗೆ ಕೂಲಿ ಕೊಟ್ಟರೆ ಇಂಥ ಎಷ್ಟೋ ಮನೆಗಳಲ್ಲಿ ದಿನಾ ಅಭ್ಯಾಸ ನಡೆಯಬಹುದು. ಆರೋಗ್ಯ ಇಲಾಖೆಯವರು ಇದನ್ನು ಯೋಚಿಸಬೇಕು ಅಂತ ನನ್ನ ಬೇಡಿಕೆ.

ಪಟ್ಟಿಯ ಹನ್ನೆರಡನೆಯ ಮಾತು ಬಂದದ್ದು ಕಳೆದ ತಿಂಗಳು. ಆಗ ನಾನೂ ಇರಲಿಲ್ಲ, ಮಾಸ್ತರರೂ ಇರಲಿಲ್ಲ. ಹೆಂಡತಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಪಡಸಾಲೆಯಿಂದ "ಎಲ್ಲಿದ್ದಿ?" ಅಂತ ಕೇಳಿಸಿತು. ಕೇಳಿಸಿದರೂ ಅವರು ಓಗೊಡಲಿಲ್ಲವಂತೆ. ಬೂದಿ ಕೈಯಲ್ಲೇ ಹಾಗೇ ಕೂತರಂತೆ, ಇನ್ನೊಮ್ಮೆ ಕರೆಯಲಿ ಅಂತ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂತು, ಈ ಸಲ ಜೋರಾಗಿ. ಆಗ ಎದ್ದು ಒಳಗೆ ಹೋದರು.